ಮೆಣಸು ತುಳಿದ ಟ್ರ್ಯಾಂಪೊಲಿನ್

ಈ ಕಥೆಯನ್ನು ಮೊದಲು ಹೇಳಿದ್ದು ನಾನಲ್ಲ, ನಮ್ಮತ್ತೆ. ಎರಡು ಸಾವಿರದ ನಾಲ್ಕರ ಬೇಸಿಗೆ, ಕಳಸದ ಹತ್ತಿರ ನೆಂಟರ ಮದುವೆ ಮನೆ, ಹಿಂದಿನ ದಿನ ಸಂಜೆ ಎಲ್ಲರೂ ಮಲ್ಲಿಗೆ ಕಟ್ಟುತ್ತಾ ಕೂತಿದ್ದಾಗ.

ಕಥೆಯೊಳಗಿನ ಕಾಲು ಮಾತ್ರ ನನ್ನದು!

ಆ ಬೇಸಿಗೆಗೆ ಮುಂಚಿನ ಚಳಿಗಾಲದಲ್ಲಿ ಬಣಕಲ್‌ನಲ್ಲಿ ಬಸ್ ಇಳಿಯುವಾಗ ನನ್ನ ಎಡಗಾಲು ಪಾದದ ಕೀಲಿನ ಹತ್ತಿರ ಉಳುಕಿತ್ತು. ನೋವು ಹೋಯಿತು, ಹೆದರಿಕೆ ಹೋಗಲಿಲ್ಲ. ಸಮ ನೆಲದಲ್ಲೂ ಕಾಲು ಗಕ್ಕನೆ ಮಗುಚುತ್ತಿತ್ತು.

ಮಾರ್ಚ್‌ನಲ್ಲಿ ಮಹಿಳಾ ದಿನಕ್ಕೆ ಆಲ್ದೂರಿನವರ ಜೊತೆ ಥ್ರೋಬಾಲ್ ಮ್ಯಾಚ್. ನಮ್ಮ ಕ್ಯಾಪ್ಟನ್ ಶೈಲಕ್ಕ ನನ್ನ ನಡಿಗೆ ನೋಡಿ, "ಸುಮಾ, ಈ ಸಲ ನೀನು ನಿಂಬೆ ಪಾನಕದ ಕಡೆ ನೋಡ್ಕೋ ಆಯ್ತಾ" ಅಂದುಬಿಟ್ಟರು.

ಪಾನಕವಂತೆ! ನೆಟ್ ಪಕ್ಕದಲ್ಲಿ ಹಾರಿ ಬಾಲ್ ಹಿಡಿಯುವವಳು ನಾನು... ಈ ಸಲ ಹೊರಗೆ ಕೂತರೆ ಮತ್ತೆ ಒಳಗೆ ಕರೆಯುವವರು ಯಾರು?

ಮಂಗಳೂರಿಗೆ ಹೋಗಿ ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂಗೆ ಕಾಲು ತೋರಿಸಿದೆ. ಮಿನಿ ಟ್ರ್ಯಾಂಪೊಲಿನ್, ಅಂದರೆ ದುಂಡು ಚೌಕಟ್ಟಿಗೆ ಬಲೆಯಂಥ ಬಟ್ಟೆ ಬಿಗಿದ ಪುಟ್ಟ ಕುಣಿಯೋ ಮಂಚ, ಅದರ ಮೇಲೆ ವ್ಯಾಯಾಮ ಮಾಡಿ ಅಂದರು. ಬರಿಗಾಲು, ಸೊಂಟದಷ್ಟು ಅಗಲಕ್ಕೆ ಪಾದ, ಬೆರಳು ನೇರ ಮುಂದಕ್ಕೆ, ಪಾದದ ಕೀಲು ಒಳಕ್ಕೆ ವಾಲಬಾರದು. "ಮೇಲೆ ಹಾರೋದಲ್ಲಮ್ಮ, ಇಡೀ ಪಾದದಲ್ಲಿ ಕೆಳಗೆ ಒತ್ತೋದು."

ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಅಲ್ಲೇ ಒಂದು ಟ್ರ್ಯಾಂಪೊಲಿನ್ ಕೊಂಡು, ಬಸ್ಸಿನ ಟಾಪ್ ಮೇಲೆ ಕಟ್ಟಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುವಷ್ಟರಲ್ಲಿ ಅರ್ಧ ಮರೆತಿದ್ದೆ.

ಮನೆಗೆ ಬಂದವಳು ಮಾಡಿದ್ದೇನು ಗೊತ್ತಾ? ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹತ್ತಿರ ನಮ್ಮನೆಯವರು ಹಾಕುತ್ತಿದ್ದ ರಬ್ಬರ್ ಗಂಬೂಟು ಏರಿಸಿಕೊಂಡೆ! ಕಾಲಿಗೆ ಗಟ್ಟಿ ಆಸರೆ ಇರಲಿ ಅಂತ. ಮೊಣಕಾಲಿನವರೆಗೆ ಗಂಬೂಟು, ಮೇಲೆ ನೈಟಿ, ದಿನಾ ಬೆಳಿಗ್ಗೆ ಅಂಗಳದ ಮೂಲೆಯಲ್ಲಿ ದಬ ದಬ ದಬ...

ಕಾಲು ಮಾತ್ರ ಹಾಗೇ ಇತ್ತು. ಬೂಟಿನೊಳಗೆ ಅದು ಏನು ಮಾಡುತ್ತಿದೆ ಅಂತ ಯಾರಿಗೆ ಕಾಣಬೇಕು?

ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ... ಟ್ರ್ಯಾಂಪೊಲಿನ್ ತುಂಬಾ ಹಸಿ ಕಾಳುಮೆಣಸಿನ ಗೊಂಚಲು! ಅತ್ತೆ ಪಕ್ಕದಲ್ಲೇ ನಿಂತು ಇನ್ನೊಂದು ಬುಟ್ಟಿ ಸುರಿಯುತ್ತಿದ್ದಾರೆ.

"ಅತ್ತೆ, ಎಂತ ಮಾಡ್ತಿದ್ದೀರಿ!"

"ನಿನ್ನ ಗಂಡ ತಂದ ಜರಡಿ ಅಲ್ವಾ ಇದು? ಕಣ್ಣು ಬಹಳ ಸಣ್ಣ ಆಯ್ತು, ಕಾಳು ಕೆಳಗೇ ಬೀಳ್ತಿಲ್ಲ."

"ಜರಡಿ ಅಲ್ಲ ಅತ್ತೆ, ನಾನು ಕುಣಿಯೋದು ಅದರ ಮೇಲೆ!"

"ಓ, ದಿನಾ ದಬ ದಬ ಅನ್ನೋದು ಇದೇನಾ! ಹೆಂಗೂ ಕುಣೀತೀಯಲ್ಲ ಮಾರಾಯ್ತಿ, ಮೆಣಸಿನ ಮೇಲೇ ಕುಣಿ. ಆಳಿನ ಕೆಲಸನೂ ಆಯ್ತು. ಆ ಹೊಲಸು ಬೂಟು ಬಿಚ್ಚು ಮೊದ್ಲು!"

ನಮ್ಮಲ್ಲಿ ಮೆಣಸಿನ ಕಾಳು ಬಿಡಿಸುವುದು ಬರಿಗಾಲಲ್ಲಿ ತುಳಿದೇ. ಬೂಟು ಬಿಚ್ಚಿದೆ, ಗೋಡೆ ಹಿಡಿದು ಹತ್ತಿದೆ, ತುಳಿದೆ.

ಅಯ್ಯೋ... ಒಂದು ಸಲ ಒತ್ತಿದರೆ ಮೆಣಸೆಲ್ಲ ಪಟಪಟ ಅಂತ ಆಕಾಶಕ್ಕೆ! ಅತ್ತೆಯ ತುರುಬಿನಲ್ಲಿ ಮೆಣಸು, ನನ್ನ ನೈಟಿಯ ಜೇಬಿನಲ್ಲಿ ಮೆಣಸು. ಕೋಳಿಗಳು ಓಡಿಬಂದು, ಕುಕ್ಕಿ ನೋಡಿ, ಬೇಜಾರಾಗಿ ವಾಪಸ್ಸು ಹೋದವು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ನಗು ನಿಂತ ಮೇಲೆ ಕಾಲು ತೊಳೆಯಲು ಕೂತೆ. ಬಲಗಾಲಿನ ಅಂಗಾಲು ಪೂರ್ತಿ ಮೆಣಸಿನ ಕಪ್ಪು ಕಲೆ. ಎಡಗಾಲಿನಲ್ಲಿ ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ಒಳಗಿನ ಅಂಚು ಮಾತ್ರ ಕಪ್ಪು, ಹೊರಗಿನ ಅಂಚು ಬೆಳ್ಳಗೆ!

ಅತ್ತೆ ಬಗ್ಗಿ ನೋಡಿದರು. "ಇದೆಂತ ಮಾರಾಯ್ತಿ, ಈ ಕಾಲು ಅರ್ಧ ಕೆಲಸಕ್ಕೆ ಬಂದೇ ಇಲ್ಲ!"

ಆಗ ಮೇಡಂ ಹೇಳಿದ್ದು ಇದ್ದಕ್ಕಿದ್ದಂತೆ ನೆನಪಾಯಿತು. ಟ್ರ್ಯಾಂಪೊಲಿನ್ನಿನ ಬಟ್ಟೆ ನಡುವೆ ತಗ್ಗುತ್ತದೆ, ಸಡಿಲ ಕಾಲು ಆ ತಗ್ಗಿಗೇ ವಾಲುತ್ತದೆ. ಅದನ್ನು ತಡೆದು ನಿಲ್ಲುವುದೇ ವ್ಯಾಯಾಮ. ನಾನು ಇಷ್ಟು ದಿನ ಬೂಟಿನೊಳಗೆ ವಾಲುವುದನ್ನೇ ಅಭ್ಯಾಸ ಮಾಡಿದ್ದೆ!

ಮಾರನೇ ದಿನದಿಂದ ಬರಿಗಾಲು. ಎತ್ತಿ ಕಟ್ಟಿದ ನೈಟಿ. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಮೂರೂ ಕಡೆ ಸಮ ಭಾರ. ಮೊಣಕಾಲು ಬೆರಳುಗಳ ನೇರಕ್ಕೆ. ಹಾರಾಟ ಇಲ್ಲ, ಮೆತ್ತಗೆ ಒತ್ತುವುದು ಅಷ್ಟೇ.

ಎದುರಿಗೆ ಮಣೆ ಹಾಕಿಕೊಂಡು ಅತ್ತೆ. ತೆಂಗಿನಕಾಯಿ ತುರಿಯುತ್ತಾ ಕಣ್ಣೆಲ್ಲ ನನ್ನ ಪಾದದ ಮೇಲೆ. ಸ್ವಲ್ಪ ಆಚೀಚೆ ಆದರೆ ಸಾಕು, "ವಾಲ್ತು! ವಾಲ್ತು!" ಅಂತ ಕೂಗು. ದಾರಿಯಲ್ಲಿ ಹೋಗುವವರೆಲ್ಲ ಗೋಡೆ ಬೀಳುತ್ತಿದೆಯೋ ಅಂತ ಇಣುಕುತ್ತಿದ್ದರು.

ದಿನ ಕಳೆದಂತೆ ಕೂಗು ಕಡಿಮೆಯಾಯಿತು. ಶೈಲಕ್ಕ ಬಂದು ನೋಡಿದರು. "ಆಯ್ತು, ಆಡು. ಬಿದ್ರೆ ಮಾತ್ರ ನಾನು ಎತ್ತಕ್ಕೆ ಬರಲ್ಲ" ಅಂದರು.

ಮ್ಯಾಚಿನ ದಿನ. ಬಾಲ್ ನೆಟ್ ಮೇಲೆ ಬರುತ್ತಿದೆ... ಹಾರುತ್ತೇನೆ, ಹಿಡಿಯುತ್ತೇನೆ, ಇಳಿಯುತ್ತೇನೆ. ಎರಡೂ ಪಾದ ನೇರ, ಎಡಗಾಲು ಕಂಬದ ಹಾಗೆ ನಿಂತಿದೆ!

ಜನರ ಮಧ್ಯದಿಂದ ಒಂದೇ ಒಂದು ಗಂಟಲು. "ವಾಲ್ಲಿಲ್ಲಾ! ವಾಲ್ಲಿಲ್ಲಾ!"

ನಾನು ಬಾಲ್ ಆಚೆ ಎಸೆದು, ಖುಷಿಯಲ್ಲಿ ನನ್ನ ಕಾಲನ್ನೇ ನೋಡುತ್ತಾ ನಿಂತುಬಿಟ್ಟೆ. ವಾಪಸ್ಸು ಬಂದ ಬಾಲ್ ಕಿವಿ ಪಕ್ಕದಲ್ಲೇ ಹೋಗಿ ನೆಲಕ್ಕೆ ಬಿತ್ತು.

"ಕಾಲು ಮನೇಲಿ ನೋಡ್ಕೊಳ್ಳೇ, ಬಾಲ್ ನೋಡು!" ಅಂತ ಶೈಲಕ್ಕ.

ಅತ್ತೆಯ ಕಥೆಯಲ್ಲಿ ನಾವು ಆ ಮ್ಯಾಚ್ ಗೆದ್ದೆವು. ನಿಜವಾಗಿ ಸೋತೆವು. ಆದರೆ ಕೊನೆಯವರೆಗೂ ನಾನು ನೆಟ್ ಪಕ್ಕದಲ್ಲೇ ಇದ್ದೆ, ಪಾನಕ ಬೇರೆ ಯಾರೋ ತಂದುಕೊಟ್ಟರು!

ಮದುವೆ ಮನೆಯಲ್ಲಿ ಕಥೆ ಕೇಳಿದವರು ಮಾರನೇ ಬೆಳಿಗ್ಗೆ ಏನು ಮಾಡಿದರು ಅನ್ನುತ್ತೀರಿ? ಸ್ನಾನ ಮುಗಿಸಿದವರೆಲ್ಲ ಒದ್ದೆ ಕಾಲಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣದ ಮೇಲೆ ಹೆಜ್ಜೆ ಇಟ್ಟು, ತಮ್ಮ ಕಾಲೂ ವಾಲುತ್ತಿದೆಯೋ ಅಂತ ತಿರುಗಿ ತಿರುಗಿ ಗುರುತು ನೋಡುತ್ತಿದ್ದರು. ಚಿಕ್ಕಮ್ಮಂದಿರು, ಅಡುಗೆ ಭಟ್ಟರು, ಒದ್ದೆ ತಲೆಯ ಮದುಮಗಳು, ಪಂಚೆ ಎತ್ತಿ ಹಿಡಿದ ಅವಳ ಅಪ್ಪ. ದಿಬ್ಬಣದ ಜೀಪು ಗೇಟಿನೊಳಗೆ ಬಂದರೂ ಒಬ್ಬರೂ ತಲೆ ಎತ್ತಲಿಲ್ಲ.

ನಿಮ್ಮ ಒದ್ದೆ ಹೆಜ್ಜೆಯನ್ನು ನೀವು ಯಾವತ್ತಾದರೂ ತಿರುಗಿ ನೋಡಿದ್ದೀರಾ?