ಅತ್ತೆಯರನ್ನು ಮಾತಿಗೆ ಕೂರಿಸುವ ಕೆಲಸ

ಸಂಬಳ ಕೊಟ್ಟು ನನ್ನಿಂದ ಸುಳ್ಳು ಪ್ರಶ್ನೆ ಕೇಳಿಸಿದ ಕೆಲಸ ಅದೊಂದೇ. ಕೊಪ್ಪಳ ಬೇರೆ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಮನೆಯೊಳಗೆ ಹೆಂಗಸರ ಮೇಲೆ ಬೀಳುವ ಹೊಡೆತವನ್ನು ಅಳೆಯಬೇಕೆಂದು ಒಂದು ಸಮೀಕ್ಷೆ ಹೊರಟಿತ್ತು. ಪ್ರಶ್ನೆಗಳು ಬೇರೆಲ್ಲೋ ತಯಾರಾಗಿ ಬಂದಿದ್ದವು. ಅವನ್ನು ನಮ್ಮ ಕಡೆಯ ಹೆಂಗಸರು ಉತ್ತರ ಕೊಡುವ ಹಾಗೆ ತಿದ್ದುವುದು, ತಾಲೂಕು ತಾಲೂಕಿಗೆ ಹೋಗಿ ಪರೀಕ್ಷೆ ಮಾಡಿ ನೋಡುವುದು ನಮ್ಮ ಪಾಲಿಗೆ ಬಂತು. ನಮ್ಮ ಎಂದರೆ, ಡಿಗ್ರಿ ಮುಗಿಸಿ, ಮದುವೆಯಾಗಿ, ಕುಷ್ಟಗಿಯಲ್ಲಿ ಕೂತು ಮಾತಾಡುವುದರ ಹೊರತು ಬೇರೇನೂ ಮಾಡದ ನನ್ನಂಥವರ ಪಾಲಿಗೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನನ್ನ ಗಂಡ ನಕ್ಕಿದ್ದ.

ಮೊದಲ ಪರೀಕ್ಷೆ ಗಂಗಾವತಿ ಕಡೆ, ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ. ನಾಟಿ ಮುಗಿಸಿ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ ಹೆಂಗಸರ ಮುಂದೆ ಕೂತು, ‘ನಿಮ್ಮ ಪತಿ ನಿಮ್ಮ ಮೇಲೆ ದೈಹಿಕ ಹಿಂಸೆ ಎಸಗಿದ್ದಾರೆಯೇ?’ ಎಂದು ಓದಿದೆ. ಎಲ್ಲರೂ ಇಲ್ಲ ಎಂದರು. ಒಬ್ಬಳು ನನ್ನ ಮೇಲೆ ಕರುಣೆ ಬಂದವಳ ಹಾಗೆ, “ಅಂಥಾದ್ದೇನಿಲ್ಲ ಬಿಡ್ರಿ ಅಕ್ಕಾರ. ಕುಡದಾಗ ಒಂದೆರಡು ಹಾಕ್ತಾನ, ಅಷ್ಟ,” ಎಂದಳು. ಕೊಪ್ಪಳದ ಬಾಡಿಗೆ ಕೋಣೆಗೆ ವಾಪಸು ಬಂದು ಆ ಪ್ರಶ್ನೆಯನ್ನು ಕಿತ್ತು ಹಾಕಿ, ಒಂದರ ಜಾಗದಲ್ಲಿ ಹಲವು ಪ್ರಶ್ನೆ ಇಟ್ಟೆವು. ಕಪಾಳಕ್ಕೆ ಹೊಡೆದಿದ್ದಾನೆಯೇ, ಕೂದಲು ಹಿಡಿದು ಎಳೆದಿದ್ದಾನೆಯೇ, ಒದ್ದಿದ್ದಾನೆಯೇ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದಾನೆಯೇ. ಮುಂದಿನ ವಾರ ಅದೇ ಹೆಂಗಸರು ಒಂದೊಂದಕ್ಕೂ ಹೂಂ ಎನ್ನುತ್ತಾ ಹೋದರು. ನನಗೆ ಖುಷಿಯಾಯಿತು. ಆಮೇಲೆ, ಇದಕ್ಕೆ ಖುಷಿಪಡುತ್ತಿದ್ದೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಯಲಬುರ್ಗಾದಲ್ಲಿ ಬೇರೆ ತೊಡಕು ಎದುರಾಯಿತು. ಅಲ್ಲಿ ಮನೆಗಳ ಒಳಗೆ ಹೋಗಿ ಕೇಳಬೇಕಿತ್ತು, ಮನೆಯೊಳಗೆ ಅತ್ತೆ ಇರುತ್ತಿದ್ದಳು. ಸೊಸೆಗೆ ಕೇಳಿದ್ದಕ್ಕೆಲ್ಲ ಅತ್ತೆಯದೇ ಉತ್ತರ. “ನನ್ನ ಮಗ ಆಕಳದಂಥಾವ ಅದಾನ್ರಿ,” ಎನ್ನುವಳು. ಸೊಸೆ ನೆಲ ನೋಡುವಳು. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡುವುದು. ಸ್ವಲ್ಪ ಹೊರಗೆ ಹೋಗಿ ಎಂದರೆ, “ನನಗ ತಿಳೀಬಾರದ್ದು ಈ ಮನ್ಯಾಗ ಏನೈತಿ?” ಎಂದು ಇನ್ನೂ ಹತ್ತಿರ ಸರಿದು ಕೂರುವಳು. ಬಾಗಿಲು ಮುಚ್ಚಿದರೆ ಓಣಿಯೇ ಬಂದು ನಿಲ್ಲುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನನ್ನ ಮುಖಕ್ಕೆ ಎಷ್ಟು ಜನ ಎಸೆದರೋ. ಉಂಡ ಮೇಲೆ ಏನಾಗುತ್ತದೆ ಎಂದು ಕೇಳುವುದೇ ನಮ್ಮ ಕೆಲಸವಾಗಿತ್ತು.

ಅದಕ್ಕೊಂದು ಉಪಾಯವನ್ನು ಮೇಲಿನವರೇ ಹೇಳಿಕೊಟ್ಟರು. ಊರಿಗೆಲ್ಲ ಇದು ಆರೋಗ್ಯದ ಸರ್ವೆ ಎಂದೇ ಹೇಳಬೇಕು. ಒಂದು ಮನೆಗೆ ಇಬ್ಬರು ಹೋಗಬೇಕು. ಒಬ್ಬಳು ಸೊಸೆಯನ್ನು ಒಳಗೆ ಕರೆದುಕೊಂಡು ನಿಜವಾದ ಪ್ರಶ್ನೆ ಕೇಳುತ್ತಾಳೆ. ಇನ್ನೊಬ್ಬಳು ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮೊಣಕಾಲು ನೋವು, ನೀರಿನ ನಳ, ಆಡಿನ ಹಾಲು, ರಾತ್ರಿಯ ನಿದ್ದೆ ಎಂದು ಏನಾದರೂ ಕೇಳುತ್ತಿರುತ್ತಾಳೆ. ಆ ಉತ್ತರಗಳನ್ನು ಯಾರೂ ಓದುವುದಿಲ್ಲ, ಸಂಜೆ ಹರಿದು ಹಾಕುವುದು. ಈ ಎರಡನೆಯ ಕೆಲಸಕ್ಕೆ ಎಲ್ಲರೂ ಒಟ್ಟಿಗೆ ನನ್ನ ಕಡೆ ನೋಡಿದರು.

ನಾನು ಅದರಲ್ಲಿ ಪಳಗಿಬಿಟ್ಟೆ. ಯಾವ ಅತ್ತೆಯನ್ನಾದರೂ ಸರಿ, ಒಳಗಿನವಳು ಸಾಕು ಎಂದು ಕೆಮ್ಮುವವರೆಗೆ ಹಿಡಿದು ಕೂರಿಸುತ್ತಿದ್ದೆ. ಅವರ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಈ ಮುದುಕಿಯರ ಕಾಲ ಚೆನ್ನಾಗಿಯೇ ನಡೆದಿದೆ, ಈಗ ಸೊಸೆಯಂದಿರ ಮಾತು ಕೇಳೋಣ ಎಂಬುದೇ ನನ್ನ ಲೆಕ್ಕಾಚಾರ. ಸಮೀಕ್ಷೆಯ ನಿಯಮವೂ ಹಾಗೇ ಇತ್ತು. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನವರನ್ನು ಮಾತ್ರ ಕೇಳಬೇಕು. ಒಂದು ಮನೆಗೆ ಒಬ್ಬಳೇ. ಕೇಳುವುದು ಗಂಡನ ಬಗ್ಗೆ ಮಾತ್ರ. ಒಳಗೆ ಅವಳು ಏನು ಹೇಳಿದಳೆಂದು ಹೊರಗಿನ ಒಂದು ಕಿವಿಗೂ ಬೀಳಬಾರದು. ಬಿದ್ದರೆ ನಾವು ಊರು ಬಿಟ್ಟ ಮೇಲೆ ಅವಳ ಗತಿ ಏನು ಎಂದು ತರಬೇತಿಯಲ್ಲಿ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದರು.

ತಾವರಗೇರಾ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿಗೆ ಹೋದದ್ದು ಸಜ್ಜೆ ಕೊಯ್ಲಿನ ದಿನಗಳಲ್ಲಿ. ಪಟ್ಟಿಯಲ್ಲಿದ್ದ ಮನೆಯ ಸೊಸೆ ಬಸುರಿ, ಹೊಟ್ಟೆ ಎದ್ದು ಕಾಣುತ್ತಿತ್ತು. ನನ್ನ ಜೊತೆಗಾರ್ತಿ, ನಿಯಮ ಎಂದರೆ ದೇವರು ಎನ್ನುವ ಹುಡುಗಿ, ಅವಳನ್ನು ಒಳಗೆ ಕರೆದುಕೊಂಡು ಹೋದಳು. ಅತ್ತೆ ಅಂಗಳದಲ್ಲಿ ತೆನೆ ಹರವುತ್ತಿದ್ದಳು. ಮಗ ಹೊಲಕ್ಕೆ ಹೋಗಿದ್ದ. ನಾನು ಕಟ್ಟೆಯ ಮೇಲೆ ಕೂತು ನನ್ನ ಕಾಗದ ಬಿಚ್ಚಿದೆ.

“ಮೊಣಕಾಲು ಹೆಂಗದಾವ್ರಿ ಯಮ್ಮಾ?”

ಅವಳು ತೆನೆ ಹರವುತ್ತಲೇ ನನ್ನ ಕಡೆ ನೋಡಿದಳು. “ನನ್ನ ಮೊಣಕಾಲು ಕೇಳಾಕ ಜೀಪು ಹತ್ತಿ ಯಾರೂ ಬರಂಗಿಲ್ಲ ಬಿಡ್ರಿ ಅಕ್ಕಾರ. ಇರಲಿ, ಕೇಳ್ರಿ.”

ನಾನು ಮುಂದಿನ ಪ್ರಶ್ನೆ ಓದಿದೆ. ಮೈಕೈಯಲ್ಲಿ ಬೇರೆಲ್ಲಾದರೂ ನೋವಿದೆಯೇ.

“ಈ ಎಡಗಡಿ ಭುಜ ಮ್ಯಾಲೇಳಂಗಿಲ್ರಿ.”

“ಬಿದ್ರೇನು?”

“ನಾ ಬಿದ್ದಿಲ್ಲ. ಬೀಳಿಸ್ಯಾನ.”

“ಯಾರು?”

“ಯಾರಂದ್ರ? ಮಗ.”

ಸಜ್ಜೆ ತೆನೆ ತಿರುವಿ ಹಾಕುತ್ತಲೇ ಹೇಳಿದಳು. ದನಿ ಇಳಿಸಲಿಲ್ಲ, ಕಣ್ಣು ಒರೆಸಿಕೊಳ್ಳಲಿಲ್ಲ. ಮಗನಿಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲವಂತೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ಕರೆದಾಗ ಓ ಅನ್ನಲಿಲ್ಲವೆಂದೋ ಹೆಂಡತಿಯ ಮೇಲೆ ಕೈ ಎತ್ತುತ್ತಾನಂತೆ. ಎತ್ತಿದಾಗ ಈ ಮುದುಕಿ ನಡುವೆ ಹೋಗಿ ನಿಲ್ಲುತ್ತಾಳೆ.

“ಎತ್ತಿದ್ದು ಇಳೀಬೇಕಲ್ರಿ. ನನ್ನ ಮ್ಯಾಲ ಇಳೀತಾವ. ಮದಲ ತಾಯಿ ಅಂತ ತಡೀತಿದ್ದ. ಈಗ ರೂಢಿ ಆಗೇತಿ.”

ನಾನು ದೊಡ್ಡ ತಿಳಿದವಳ ಹಾಗೆ, ನೀವ್ಯಾಕೆ ನಡುವೆ ಹೋಗುತ್ತೀರಿ, ಓಣಿಯವರನ್ನು ಕರೆಯಬಾರದೇ ಎಂದೆ. ಅವಳಿಗೆ ನಗು ಬಂತು.

“ನನಗ ನನ್ನ ಗಂಡ ಹೊಡಿಯೋವಾಗ ನಮ್ಮತ್ತಿ ಬಾಗಿಲಾಗ ಕುಂತು ಶೇಂಗಾ ಒಡಿತಿದ್ಲು. ಒಂದು ಸಲನಾರ ಎದ್ದಿದ್ರ ನನ್ನ ಮದಲಿನ ಕೂಸು ಉಳೀತಿತ್ತು. ಇಕಿ ಹೊಟ್ಟ್ಯಾಗ ಕೂಸೈತಿ. ಇಕಿ ಮ್ಯಾಲ ಒಂದೂ ಬೀಳಬಾರದು. ನಂದಿನ್ನೇನೈತ್ರಿ, ಮುರದ್ರೂ ಆತು.”

ನನ್ನ ಕೈಯಲ್ಲಿ ಪೆನ್ನು ಇತ್ತು. ಬರೆಯಲು ಜಾಗ ಇರಲಿಲ್ಲ. ಮೊಣಕಾಲು, ನಳ, ಆಡು, ನಿದ್ದೆ. ಇಷ್ಟು ಮನೆ ಸುತ್ತಿ ನಾನು ಎಷ್ಟು ಮುದುಕಿಯರನ್ನು ಆಡಿನ ಹಾಲಿನ ಮಾತಿನಲ್ಲಿ ಕಟ್ಟಿಹಾಕಿದ್ದೆನೋ, ಅವರಲ್ಲಿ ಯಾರ ಭುಜ ಹೀಗಿತ್ತೋ. ಒಳಗಿನಿಂದ ಜೊತೆಗಾರ್ತಿ ಕೆಮ್ಮಿದಳು.

ಓಣಿ ದಾಟಿ ಕೈಪಂಪಿನ ಬೋರಿನ ಹತ್ತಿರ ಬಂದಾಗ, “ಏನೂ ಇಲ್ಲ ನೋಡ್ರಿ ಈ ಮನ್ಯಾಗ. ಎಲ್ಲಾದಕ್ಕೂ ಇಲ್ಲ. ಬೆರಳೂ ತಾಗಿಸಿಲ್ಲಂತ,” ಎಂದಳು ಅವಳು. ಅವಳ ಮುಖದಲ್ಲಿ ಸಮಾಧಾನವಿತ್ತು. ಬೆಳಗಿನಿಂದ ಕೇಳಿದ್ದೆಲ್ಲ ಹೂಂಗಳೇ ಆಗಿದ್ದವು. ಮುದುಕಿಯಿಂದ ನಾನು ಕೇಳಿದ್ದನ್ನು ಹೇಳಿದೆ. ಅವಳು ನಿಂತುಬಿಟ್ಟಳು.

ಅಷ್ಟರಲ್ಲಿ ಹಿಂದಿನಿಂದ ಮುದುಕಿ ಬಲ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಂದಳು. ನೀರಿಗೆ ಬಂದವಳ ಹಾಗೆ ಬೋರಿನ ಹಿಡಿಕೆ ಹಿಡಿದು, ನಮ್ಮ ಕಡೆ ನೋಡದೆ ಕೇಳಿದಳು. “ಒಳಗ ಏನಂದ್ಲು ಅಕಿ? ಹೊಡದಾನ ಅಂದ್ಲೇನು?”

“ಹೇಳಾಕ ಬರಂಗಿಲ್ಲ ಯಮ್ಮಾ,” ಎಂದಳು ಜೊತೆಗಾರ್ತಿ, ಕಲಿಸಿದ ಹಾಗೆಯೇ.

ಮುದುಕಿಯ ಕೈ ಹಿಡಿಕೆಯ ಮೇಲೆ ನಿಂತಿತು. “ನಾ ಮನ್ಯಾಗ ಇಲ್ಲದಾಗ ಹೊಡದಾನೇನು? ಅಷ್ಟ ಹೇಳ್ರಿ. ಮೊನ್ನಿ ಹುಲಿಗಿ ಗುಡಿಗೆ ಹೋಗಿದ್ದೆ, ಒಂದು ರಾತ್ರಿ ಇರಲಿಲ್ಲ.”

ಮೊದಲ ಬಾರಿ ಅವಳ ದನಿ ಅಲುಗಿತು. ನಾವು ಸುಮ್ಮನಿದ್ದಷ್ಟೂ ಅವಳಿಗೆ ಅದು ಹೌದು ಎಂದೇ ಕೇಳಿಸುತ್ತಿತ್ತು. ನಿಯಮ ಬರೆದವರು ಇಂಥ ಅತ್ತೆಯನ್ನು ಕಂಡಿರಲಿಲ್ಲ. “ಇಲ್ಲ ಅಂದ್ಲು ಯಮ್ಮಾ. ಬೆರಳೂ ತಾಗಿಸಿಲ್ಲಂತ,” ಎಂದೆ. ಜೊತೆಗಾರ್ತಿ ನನ್ನ ಕಡೆ ಕೆಕ್ಕರಿಸಿ ನೋಡಿದಳು. ನೋಡಲಿ ಬಿಡು ಎನಿಸಿತು, ಇವತ್ತಿಗೂ ಹಾಗೇ ಅನಿಸುತ್ತದೆ.

“ಹಂಗಾರ ನಾ ಇದ್ದದ್ದು ದಂಡ ಆಗಿಲ್ಲ,” ಎಂದು ಮುದುಕಿ ಒಂದೇ ಕೈಯಲ್ಲಿ ಬೋರು ಹೊಡೆಯತೊಡಗಿದಳು. ನಾವಿಬ್ಬರೂ ಸೇರಿ ಅವಳ ಕೊಡ ತುಂಬಿಸಿಕೊಟ್ಟೆವು.

ಕೊಪ್ಪಳದ ಸಭೆಯಲ್ಲಿ ನಾನು ಇದನ್ನೆಲ್ಲ ಹೇಳಿದೆ. ಪ್ರಶ್ನೆಪತ್ರಿಕೆ ಮಾಡಿದ ಮೇಡಂ ಅವತ್ತು ಬಂದಿದ್ದರು. ಒಳ್ಳೆಯ ಹೆಂಗಸು, ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, ಇದೇ ಪ್ರಶ್ನೆಗಳನ್ನು ಬೇರೆ ಊರುಗಳಲ್ಲೂ ಕೇಳುತ್ತಿದ್ದಾರೆ, ಒಂದು ಕಡೆ ಬದಲಿಸಿದರೆ ಒಂದಕ್ಕೊಂದು ಹೋಲಿಸಲು ಬರುವುದಿಲ್ಲ, ಮುಂದಿನ ಸಲ ವಯಸ್ಸಾದವರನ್ನು ಸೇರಿಸೋಣ ಎಂದರು.

“ಹಾಗಾದರೆ ಆ ಮನೆಗೆ ಏನು ಬರೆಯುವುದು?” ಎಂದೆ.

“ಸೊಸೆ ಇಲ್ಲ ಎಂದಿದ್ದಾಳೆ. ಇಲ್ಲ ಎಂದೇ ಬರೆಯಬೇಕು.”

ಅವರ ಮಾತಿನಲ್ಲಿ ನ್ಯಾಯವಿತ್ತು. ಅದು ಅರ್ಥವಾದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಆ ಮನೆಯ ಇಲ್ಲ ಎಂಬುದು ಒಬ್ಬ ಮುದುಕಿಯ ಭುಜದ ಮೇಲೆ ನಿಂತಿದೆ, ಅವಳು ಸರಿದ ದಿನ ಅದು ಬೀಳುತ್ತದೆ ಎಂದು ಜೋರಾಗಿಯೇ ಹೇಳಿದೆ. ಯಾರೋ ನನ್ನ ಮುಂದೆ ನೀರಿನ ಲೋಟ ಇಟ್ಟರು. ಮತ್ತೆ ಆ ಮನೆಗೆ ಹೋಗಿಬರುತ್ತೇನೆ ಎಂದರೆ ಅದಕ್ಕೂ ಅಪ್ಪಣೆ ಸಿಗಲಿಲ್ಲ. ಎರಡನೆಯ ಸಲ ಹೋದರೆ ಊರಿಗೆ ಅನುಮಾನ ಬರುತ್ತದೆ, ಏಟು ತಿನ್ನುವವರು ಅವರೇ ಎಂದರು. ಅದೂ ನಿಜವೇ ಇತ್ತು.

ಆ ಭಾನುವಾರ ತವರಿಗೆ ಹೋದೆ. ತಾಯಿ ನನ್ನ ತಮ್ಮನ ಜೊತೆ ಇದ್ದಳು. ಅವಳ ತಲೆಗೆ ಎಣ್ಣೆ ಹಚ್ಚುವ ನೆಪ ಮಾಡಿ ಸೆರಗು ಸರಿಸಿ ಭುಜ ನೋಡಿದೆ, ತೋಳು ತಿರುಗಿಸಿ ನೋಡಿದೆ. “ಏನು ಹುಡುಕಾಕ ಹತ್ತಿ?” ಎಂದಳು. ಏನಿಲ್ಲ ಎಂದೆ. ಏನೂ ಇರಲೂ ಇಲ್ಲ. ತಮ್ಮ ಒಳಗೆ ಬಂದು, “ಅಕ್ಕಾ, ಚಾ ಕುಡಿತೀಯೇನು?” ಎಂದಾಗ ಅವನ ಮುಖ ನೋಡಲು ನಾಚಿಕೆಯಾಯಿತು. ಆದರೂ ತಾಯಿಯ ಭುಜ ನೋಡಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಸಮೀಕ್ಷೆ ಮುಗಿಯಿತು. ಮುಂದಿನ ಸಲ ಎಂಬುದು ನನ್ನ ಪಾಲಿಗೆ ಬರಲಿಲ್ಲ. ನಾನು ಶಾಲೆಯೊಂದರಲ್ಲಿ ಪಾಠ ಹೇಳಲು ಸೇರಿಕೊಂಡೆ. ಹಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದೆ. ಒಬ್ಬ ಹೆಂಗಸು ಎದುರಿಗೆ ಬಂದು ನಿಂತಳು. ಪಕ್ಕದಲ್ಲಿ ಅವಳ ಸೆರಗು ಹಿಡಿದ ಒಂದು ಹುಡುಗಿ.

“ಮೊಣಕಾಲು ಕೇಳಾಕ ಬಂದಿದ್ರಲ್ಲ, ಅವರಲ್ಲೇನ್ರಿ ನೀವು?”

ನನಗೆ ಅವಳ ಮುಖ ನೆನಪಿಗೆ ಬರಲಿಲ್ಲ. ಅವತ್ತು ಅವಳು ಒಳಗಿದ್ದಳು, ನಾನು ಹೊರಗಿದ್ದೆ. ತಾವರಗೇರಾ ದಾಟಿದ ಆ ಊರಿನ ಹೆಸರು ಹೇಳಿದಾಗ ಇವಳೇ ಆ ಸೊಸೆ ಎಂದು ಗೊತ್ತಾಯಿತು. ಹುಡುಗಿಯನ್ನು ನೋಡಿದೆ. ಹೊಟ್ಟೆಯಲ್ಲಿದ್ದ ಕೂಸು ಇದೇ ಇರಬೇಕು. ಉಳಿದಿತ್ತು.

“ಅತ್ತಿ ಹೆಂಗದಾರ?” ಎಂದೆ.

“ಹ್ವಾದ ವರ್ಷ ಹ್ವಾದ್ಲು.” ಹುಡುಗಿಯನ್ನು ಹತ್ತಿರ ಎಳೆದುಕೊಂಡಳು. “ನಿಮ್ಮ ಮುಂದ ಎಲ್ಲಾ ಹೇಳೀನಿ ಅಂದಿದ್ಲು. ಅಕಿ ಬಾಯಿ ಭಾಳ, ಮನಸ್ಸು ಛಲೋ ಐತಿ ಅಂತಿದ್ಲು ನಿಮಗ.”

ಅವಳ ಬಲಗೈಗೆ ಮುಂಗೈವರೆಗೆ ಬಟ್ಟೆ ಸುತ್ತಿತ್ತು. ಕೆಳತುಟಿಯ ಮೇಲೆ ಗಾಯ ಒಣಗಿತ್ತು. ನಾನು ನೋಡುತ್ತಿರುವುದನ್ನು ಅವಳು ನೋಡಿದಳು, ಮುಚ್ಚಿಕೊಳ್ಳಲು ಹೋಗಲಿಲ್ಲ.

“ಈಗ ಕೇಳ್ರಿ,” ಎಂದಳು. “ಈಗ ಕೇಳಿದ್ರ ಬ್ಯಾರೆ ಹೇಳ್ತೀನಿ.”

“ಈಗ ನಾ ಆ ಕೆಲಸದಾಗ ಇಲ್ಲವ್ವಾ.”

“ಇಲ್ಲದಿದ್ರೂ ಕೇಳ್ರಿ.”

ಕೊಪ್ಪಳದ ಬಸ್ಸು ಬಂತು, ಜನ ಓಡಿದರು, ಬಸ್ಸು ಹೊರಟಿತು. ನಾನು ಹತ್ತಲಿಲ್ಲ. ಅವಳನ್ನು ಕಲ್ಲಿನ ಬೆಂಚಿನ ಮೇಲೆ ಕೂರಿಸಿದೆ. ಹುಡುಗಿ ನಮ್ಮಿಬ್ಬರ ನಡುವೆ ಕೂತಿತು. ಚೀಲದಲ್ಲಿ ಯಾರದೋ ಲಗ್ನಪತ್ರಿಕೆ ಇತ್ತು, ಅದರ ಹಿಂಬದಿ ಖಾಲಿ ಇತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಈ ಕೈ ಯಾವಾಗಿನದು ಎಂದು ಕೇಳಿದೆ.

ಅವಳು ತಲೆ ಅಲ್ಲಾಡಿಸಿದಳು.

“ನಂದು ಆಮ್ಯಾಲ. ಮದಲು ನಮ್ಮತ್ತಿದು ಬರ್ಕೋರಿ.”