ದಿಂಬಿನ ಗವಸಿಗೆ ಹೋಳಿಗೆ ಊಟ

ಇರುವೆಗಳ ತಪ್ಪೇನೂ ಇಲ್ಲ. ಊಟಕ್ಕೆ ಕರೆದವರು ನಾವು, ಅವು ಬಂದವು, ನಡೆದದ್ದು ಅಷ್ಟೇ.

ಸೊಸೆಯ ತಮ್ಮ ಕೊಟ್ಟೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದ. ತುಂಡುಬಟ್ಟೆ ಜೋಡಿಸಿ ಕೈಯಲ್ಲಿ ಹೊಲಿದ ದಿಂಬಿನ ಗವಸು ಕೊಟ್ಟು, ಅವನ ಹೆಂಡತಿಯ ಬಾಯಿಂದ ಒಮ್ಮೆಯಾದರೂ ‘ಛಲೋ ಐತಿ’ ಅನ್ನಿಸಬೇಕೆಂದು ಸೊಸೆಗೆ ಹಠ. ಹಠ ಅವಳದು, ಸೂಜಿ ನನ್ನದು. ಹಳೆಯ ಸೀರೆ, ಮಗನ ಅಂಗಿ ಕತ್ತರಿಸಿ, ಕೌದಿಯ ಹಾಗೆ ಪದರಿಟ್ಟು ಹೊಲಿದೆ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ಚೂರು ಒಣರೊಟ್ಟಿ ಇಡುವುದು ನಮ್ಮ ಪದ್ಧತಿ. ಕೌದಿ ಹಸಿದಿರಬಾರದಂತೆ. ಗವಸಿಗೂ ಇಡಲು ಹೋದೆ.

“ಅತ್ತಿ, ಹೊಸ ಮನಿಗೆ ಒಣರೊಟ್ಟಿ ಕಳಸ್ತಾರೇನ್ರಿ? ಹೋಳಿಗಿ ಇಡ್ರಿ.”

“ಇಡವ್ವ, ಮ್ಯಾಲೆ ತುಪ್ಪಾನೂ ಹಚ್ಚು. ದಿಂಬು ಪಾಪ ಬಡವಾಗೇತಿ,” ಎಂದು ಕುಟುಕಿದೆ.

ಮಹಾರಾಯ್ತಿ ನಿಜವಾಗಿಯೂ ಹಚ್ಚಿ ತಂದಳು. ನಾನೂ ಹಾಗೇ ಇಟ್ಟು ಹೊಲಿದೆ.

ಗೃಹಪ್ರವೇಶ ಮುಗಿದ ಮೇಲೆ ತಮ್ಮನ ಹೆಂಡತಿಯ ಫೋನು ಬಂತು. “ಅಕ್ಕಾ, ಗವಸು ಭಾಳ ಛಲೋ ಐತ್ರಿ. ಇರುವಿಗೆ ಸೈತ ಹಿಡಿಸೇತಿ. ನನ್ನ ಕಿವ್ಯಾಗ ಹೊಕ್ಕು ಹೇಳಿದುವು.”

ಬೇಕೆಂದಿದ್ದ ಮಾತು ಸಿಕ್ಕಿತಲ್ಲ, ಆದರೂ ಸೊಸೆ ಅತ್ತಳು. “ಇನ್ನ ಆ ಮನ್ಯಾಗ ಹೆಂಗ ಮಾರಿ ತೋರಿಸ್ಲಿ ಅತ್ತಿ?”

“ಇರೋದೊಂದ ಮಾರಿ, ಅದನ್ನ ತೋರ್ಸು,” ಎಂದೆ.

ಮರುದಿನ ಬೆಳಿಗ್ಗೆ ಅವಳನ್ನು ಮೊದಲ ಬಸ್ಸಿಗೆ ಹತ್ತಿಸಿಕೊಂಡು ಕೊಟ್ಟೂರಿಗೆ ಹೋದೆ. ತಮ್ಮನ ಹೆಂಡತಿಯ ಎದುರಿಗೇ ಕೂತು ಮೂಲೆ ಬಿಚ್ಚಿದೆ, ಹೋಳಿಗೆ ಕೊಡವಿದೆ, ಒಣರೊಟ್ಟಿ ಇಟ್ಟು ಹೊಲಿದೆ.