ಆಕೆ ಅನ್ನದ ಮಾತು

ಇದನ್ನು ಹೇಳುವುದನ್ನು ನಾನು ಬಹಳ ದಿನಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ.

ಈ ಅಂಕಣ ಬರೆಯಲು ಕೂತಾಗಲೆಲ್ಲ ಬೇರೆ ವಿಷಯ ಸಿಗುತ್ತಿತ್ತು. ಮದುವೆ ಮನೆಯಲ್ಲಿ ಕೈಕೊಟ್ಟ ಮೈಕು, ಮೈಕು ಸಿಕ್ಕರೆ ಬಿಡದ ಪುಢಾರಿ, ಬಸ್ಸಿನಲ್ಲಿ ಊರಿಗೆಲ್ಲ ಕೇಳುವಂತೆ ಫೋನು ಹಚ್ಚುವವರು. ನೀವು ಓದಿ ನಕ್ಕಿರಿ. ಫೋನ್ ಮಾಡಿ 'ಛಲೋ ಬರದೀರಿ' ಎಂದಿರಿ. ಮಂದಿಯ ತಪ್ಪು ಬರೆಯಲು ಏನು ಕಷ್ಟ? ನನ್ನದು ಬರೆಯಬೇಕೆಂದಾಗ ಮಾತ್ರ ಏನಾದರೊಂದು ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದೆ.

ಕಳೆದ ವಾರ ಬಾದಾಮಿಗೆ ಹೋಗದಿದ್ದರೆ ಈ ಸಲವೂ ಎದ್ದು ಹೋಗುತ್ತಿದ್ದೆನೋ ಏನೋ.

ಅಲ್ಲಿನ ಒಂದು ಶಾಲೆಯ ಶಿಕ್ಷಕರು ಪಾಠಗಳ ವಿಡಿಯೋ ಮಾಡುತ್ತಿದ್ದಾರೆ. ಚಿತ್ರದ ಹಿಂದೆ ವಿವರಿಸುವ ದನಿ ಬೇಕಲ್ಲ, ವಾಯ್ಸ್ ಓವರ್ ಅನ್ನುತ್ತಾರಲ್ಲ, ಅದನ್ನು ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಎಡಿಟ್ ಮಾಡುವುದನ್ನು ತೋರಿಸಲು ನನ್ನನ್ನು ಕರೆದಿದ್ದರು. (ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವನು ಮಾಸ್ತರರಿಗೆ ಪಾಠ ಹೇಳುವುದು! ಒಳಗೊಳಗೆ ಹಿಗ್ಗಿದ್ದೆ. ಸುಳ್ಳು ಯಾಕೆ ಹೇಳಲಿ?)

ಫ್ಯಾನ್ ಬಂದ್ ಮಾಡಿಸಿದೆ. ಕಿಟಕಿ ಹಾಕಿಸಿದೆ. ಮಾತು ಶುರು ಮಾಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂತು ಖಾಲಿ ಕೋಣೆಯ ಸದ್ದನ್ನೂ ರೆಕಾರ್ಡ್ ಮಾಡಬೇಕೆಂದೆ. ಅದನ್ನು ಸಾಫ್ಟ್‌ವೇರಿಗೆ ತೋರಿಸಿದರೆ ಅದೇ ಗುಂಯ್ ಸದ್ದನ್ನು ಇಡೀ ರೆಕಾರ್ಡಿಂಗಿನಿಂದ ಹುಡುಕಿ ತೆಗೆಯುತ್ತದೆ. ಪರದೆಯ ಮೇಲೆ ದನಿಯ ಅಲೆಗಳು ಮೂಡಿದಾಗ ಎಲ್ಲರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಒಬ್ಬ ಶಿಕ್ಷಕಿ ಮಹಾಕೂಟದ ಹೊಂಡದ ಬಗ್ಗೆ ಪಾಠ ಓದಿದ್ದರು. 'ಬೇಸಿಗೆಯಲ್ಲೂ' ಅನ್ನಬೇಕಾದಲ್ಲಿ 'ಚಳಿಗಾಲದಲ್ಲೂ' ಎಂದುಬಿಟ್ಟಿದ್ದರು.

"ಮತ್ತ ಮೊದಲಿಂದ ಓದಬೇಕೇನ್ರಿ ಸರ್? ಗಂಟಲಾ ಕುಂತೈತ್ರಿ."

"ಬ್ಯಾಡ್ರಿ ಮೇಡಂ. ನೀವು ಸುಮ್ನ ಕುಂದರ್ರಿ" ಎಂದೆ.

ಮೊದಲ ಪ್ಯಾರಾದಲ್ಲಿ ಅವರು 'ಬೇಸಿಗೆಯಲ್ಲೂ' ಎಂದದ್ದು ಸರಿಯಾಗಿಯೇ ಇತ್ತು. ಅದನ್ನು ಕಾಪಿ ಮಾಡಿದೆ. ತಪ್ಪಿದ ಪದ ಕತ್ತರಿಸಿದೆ, ಅಲ್ಲಿಗೆ ಇದನ್ನು ಕೂಡಿಸಿದೆ. ಜೋಡಣೆಯಲ್ಲಿ 'ಟಕ್' ಎನ್ನದಂತೆ ಎರಡೂ ತುದಿಯಲ್ಲಿ ದನಿ ಸ್ವಲ್ಪ ಸಣ್ಣಗೆ ಮಾಡಿದೆ. ಪ್ಲೇ ಒತ್ತಿದೆ.

"ಅಯ್ಯ ಶಿವನ! ನಾ ಅಂದಽ ಇಲ್ಲ. ಆದ್ರೂ ನಾನಽ ಅಂದಂಗ ಐತೆಲ್ರೀ!"

ಪಕ್ಕದ ಮಾಸ್ತರರು ಬಿಡುತ್ತಾರೆಯೇ? "ಹುಷಾರ್ರಿ ಮೇಡಂ. ನಾಳೆ ಸರ್ ನಿಮ್ಮ ಬಾಯಿಲೆ ಏನ ಬೇಕಾದ್ದು ಅನಿಸ್ತಾರ."

ಎಲ್ಲರೂ ನಕ್ಕರು. ಚಪ್ಪಾಳೆಯೂ ಬಿತ್ತು. ನನಗೆ ನಗಲಾಗಲಿಲ್ಲ. ಆ ಮೇಡಂ ಅಂದ ಮಾತನ್ನು ಇನ್ನೊಬ್ಬಳು ಅನ್ನಬೇಕಾಗಿತ್ತು, ಕೆಲವು ವರ್ಷಗಳ ಹಿಂದೆ, ನನ್ನ ಮನೆಯಲ್ಲಿ. ಆಕೆ ಅನ್ನಲು ಬಂದಳು, ಅಂದು ಮುಗಿಸಲಿಲ್ಲ. ಮುಗಿಸದಂತೆ ಮಾಡಿದವನು ನಾನು.

ಹುನಗುಂದದಲ್ಲಿ ನನ್ನದು ಮೈಕ್ ಸೆಟ್ಟಿನ ವ್ಯವಹಾರ ಎಂಬುದು ನಿಮಗೆ ಗೊತ್ತು. ಮೊದಲೆಲ್ಲ ಗಾಡಿಯಲ್ಲಿ ನಾನೇ ಕೂತು ಕೂಗುತ್ತಿದ್ದೆ. ವಯಸ್ಸಾಯಿತು, ಗಂಟಲು ಹೋಯಿತು. ಮನೆಯ ಹಿಂದಿನ ಕೋಣೆಗೆ ಹಳೆಯ ಕೌದಿಗಳನ್ನು ಬಡಿದು ರೆಕಾರ್ಡಿಂಗ್ ರೂಮ್ ಮಾಡಿದೆ. ಒಂದು ಕಂಪ್ಯೂಟರು, ಒಂದು ಮೈಕು, ಪುಕ್ಕಟೆ ಸಿಗುವ ಸಾಫ್ಟ್‌ವೇರು. ಒಮ್ಮೆ ರೆಕಾರ್ಡ್ ಮಾಡಿ ಕೊಟ್ಟರೆ ಸಾಕು, ಟಂಟಂ ಗಾಡಿ ಅದನ್ನೇ ಹಚ್ಚಿಕೊಂಡು ದಿನವಿಡೀ ಓಣಿ ಓಣಿ ತಿರುಗುತ್ತದೆ.

ಇಳಕಲ್ಲಿನ ಕೈಮಗ್ಗದ ಸೀರೆ ಅಂಗಡಿಯೊಂದು ಹೆಣ್ಣುದನಿಯ ಜಾಹೀರಾತು ಬೇಕೆಂದಿತು. ನೇಕಾರರ ಓಣಿಯಲ್ಲಿ ವಿಚಾರಿಸುತ್ತ ಹೊರಟಾಗ ಮಗ್ಗದ ಮೇಲೆ ಕೂತ ಒಬ್ಬ ಹೆಣ್ಣುಮಗಳು ಅಂಗಳದಲ್ಲಿದ್ದ ಅತ್ತೆಯೊಡನೆ ಮಾತಾಡುತ್ತಿದ್ದಳು. ಲಾಳಿಯ ಸದ್ದನ್ನು ದಾಟಿ ಆ ದನಿ ಬರುತ್ತಿತ್ತು. ಚೀರುತ್ತಿರಲಿಲ್ಲ. ಸುಮ್ಮನೆ ಸ್ಪಷ್ಟವಾಗಿತ್ತು.

ಕೇಳಿದೆ. ಅತ್ತೆ, ಸೊಸೆ ಇಬ್ಬರೂ ನಕ್ಕರು.

"ಈಕಿ ದನಿಗೆ ರೊಕ್ಕಾ ಕೊಡ್ತೀರಾ? ನಾವು ಪುಕ್ಕಟೆ ಕೇಳಿ ಕೇಳಿ ಸಾಕಾಗೇವಿ!" ಎಂದಳು ಅತ್ತೆ.

ಆ ದಿನ ಅವರ ಮನೆಯಲ್ಲೇ ರೆಕಾರ್ಡ್ ಮಾಡಿದೆ. ನಾನು ಬರೆದುಕೊಂಡು ಹೋದ ಮಾತು ಆಕೆಗೆ ಹಿಡಿಸಲಿಲ್ಲ. "ಹಿಂಗ ಯಾರು ಮಾತಾಡ್ತಾರ್ರಿ ಕಾಕಾ?" ಎಂದು ಹಾಳೆ ಬದಿಗಿಟ್ಟು ತನ್ನ ಮಾತಿನಲ್ಲೇ ಹೇಳಿದಳು: "ಇದು ಕೈಲೆ ನೇಯ್ದ ಸೀರಿ ರೀ. ನಮ್ಮ ಓಣ್ಯಾಗ ನಾವಽ ನೇಯ್ದಿದ್ದು. ಮುಟ್ಟಿ ನೋಡ್ರಿ, ಆಮ್ಯಾಲೆ ತಗೋರಿ."

ಜನ ಗಾಡಿ ನಿಲ್ಲಿಸಿ ಕೇಳಿದರು. ಆಮೇಲೆ ಆಕೆ ಪುರಸೊತ್ತಾದಾಗ ಬಸ್ಸು ಹತ್ತಿ ನನ್ನ ಕೋಣೆಗೆ ಬರುತ್ತಿದ್ದಳು. ಸ್ಟೀಲ್ ಪಾತ್ರೆ ಅಂಗಡಿ, ಶಾಲೆಯ ಅಡ್ಮಿಷನ್, ಬಟ್ಟೆ ಸಾಬೂನು, ಎಲ್ಲದಕ್ಕೂ ಆಕೆಯದೇ ದನಿ. ಒಂದೇ ದಿನ ಎರಡು ಮೂರು ಜಾಹೀರಾತು ಮುಗಿಸಿ ಹೋದದ್ದೂ ಉಂಟು. ಎಲ್ಲವೂ ಕಂಪ್ಯೂಟರಿನಲ್ಲಿ ಉಳಿಯುತ್ತಿದ್ದವು.

ಪಂಚಮಿ ಹತ್ತಿರ ಬಂದಾಗ ಬಾಗಲಕೋಟೆಯ ಸೀರೆ ವ್ಯಾಪಾರಿಯೊಬ್ಬ ಬಂದ. ಅವನದೆಲ್ಲ ಪವರ್‌ಲೂಮಿನ ಸೀರೆ. ನೋಡಲು ಇಳಕಲ್ ಸೀರೆಯಂತೆಯೇ, ಬೆಲೆ ಮಾತ್ರ ಬಹಳ ಕಡಿಮೆ. ಮಷಿನ್ ಸೀರೆ ಮಾರುವುದು ತಪ್ಪಲ್ಲ. ಅದನ್ನು ಕೈಮಗ್ಗದ್ದು ಎಂದು ಮಾರಿದರೆ, ದಿನಗಟ್ಟಲೆ ಕಾಲು ಇಳಿಬಿಟ್ಟು ಕೂತು ಒಂದು ಸೀರೆ ನೇಯುವವರು ಎಲ್ಲಿಗೆ ಹೋಗಬೇಕು?

"ಆ ಹೆಣ್ಣುಮಗಳ ದನಿ ಐತೆಲ್ಲಾ ಕಾಕಾ, ಅದಽ ಬೇಕು ನೋಡ್ರಿ" ಎಂದ.

"ಆಕಿ ಕೈಮಗ್ಗದಾಕಿ. ನಿಮ್ಮ ಸೀರಿಗೆ ಮಾತಾಡಂಗಿಲ್ಲ."

"ಆಕಿ ಯಾಕ ಮಾತಾಡಬೇಕ್ರಿ? ದನಿ ನಿಮ್ಮಲ್ಲೇ ಐತೆಲ್ಲಾ?"

ಎದ್ದು ಹೋಗು ಅನ್ನಬೇಕಿತ್ತು. ಅನ್ನಲಿಲ್ಲ. ಖರೆ ಹೇಳಬೇಕೆಂದರೆ ಹಣಕ್ಕಿಂತ ಹೆಚ್ಚಾಗಿ ನನ್ನ ಕೈಚಳಕದ ಸೊಕ್ಕು ನನ್ನನ್ನು ಕೂರಿಸಿತು. ಮಾಡಿದರೆ ಯಾರಿಗಾದರೂ ಗೊತ್ತಾದೀತೇ? ನೋಡೇ ಬಿಡೋಣ ಅನಿಸಿತು.

ಹಳೆಯ ಸೀರೆ ಜಾಹೀರಾತಿನಿಂದ 'ಕೈಲೆ ನೇಯ್ದ ಸೀರಿ ರೀ' ತೆಗೆದೆ. 'ನಾವಽ ನೇಯ್ದಿದ್ದು' ತೆಗೆದೆ. ಪಾತ್ರೆ ಅಂಗಡಿಯದರಿಂದ 'ಭಾಳ ಸೋವಿ ಐತ್ರಿ' ತೆಗೆದೆ. ಅಂಗಡಿಯ ಹೆಸರನ್ನು ನಾನೇ ಹೇಳಿದೆ. ಆದರೆ ಒಂದು ತುಣುಕು ಅವರ ಮನೆಯಲ್ಲಿ, ಇನ್ನೊಂದು ನನ್ನ ಕೋಣೆಯಲ್ಲಿ ರೆಕಾರ್ಡ್ ಆದದ್ದು. ಹಿಂದಿನ ಸದ್ದು ಹೊಂದಲಿಲ್ಲ, ಜೋಡಣೆ ಕಿವಿಗೆ ತಾಕುತ್ತಿತ್ತು. ಅದಕ್ಕೂ ಉಪಾಯ ಹುಡುಕಿದೆ. ಮೊದಲ ದಿನ ಆಕೆ ಮಾತಾಡುವ ಮುನ್ನ ರೆಕಾರ್ಡ್ ಮಾಡಿಕೊಂಡಿದ್ದ ಅವರ ಮನೆಯ ಮಗ್ಗದ ಸದ್ದನ್ನು ಪೂರ್ತಿ ಜಾಹೀರಾತಿನ ಕೆಳಗೆ ಸಣ್ಣಗೆ ಹಾಸಿದೆ. ಜೋಡಣೆಗಳೆಲ್ಲ ಅದರಲ್ಲಿ ಮುಳುಗಿದವು. ಮಷಿನ್ ಸೀರೆಗೆ ಕೈಮಗ್ಗದ ಸದ್ದು. ಕೇಳಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗಾಡಿ ಬಾಗಲಕೋಟೆ, ಕಮತಗಿ ತಿರುಗುತ್ತದೆ ಅಂದುಕೊಂಡಿದ್ದೆ. ಇಳಕಲ್ಲಿಗೂ ಹೋಯಿತು. ನೇಕಾರರ ಓಣಿಯನ್ನೂ ಹೊಕ್ಕಿತು.

ಮುಸ್ಸಂಜೆಯ ಹೊತ್ತಿಗೆ ಅತ್ತೆ, ಸೊಸೆ ನನ್ನ ಮನೆಗೆ ಬಂದರು. ಓಣಿಯ ಮಂದಿ ಬಾಗಿಲಿಗೆ ಬಂದು ಕೇಳಿದ್ದರಂತೆ: ನಮ್ಮ ಹೊಟ್ಟೆಯ ಮೇಲೆ ನೀನೇ ಹೊಡೆದೆಯಾ ಎಂದು. ನಳದ ಹತ್ತಿರ ಹೆಂಗಸರು ಮಾತು ಬಿಟ್ಟಿದ್ದರಂತೆ.

"ಕಾಕಾ, ನಾ ಹಂಗ ಅಂದಿಲ್ರಿ" ಎಂದಳು.

ಆಗಲೂ ಅವಕಾಶವಿತ್ತು. ಹೌದವ್ವಾ, ನೀ ಅಂದಿಲ್ಲ, ನಾ ಮಾಡಿದ್ದು ಅನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಕಂಪ್ಯೂಟರ್ ಚಾಲೂ ಮಾಡಿದೆ. ಜಾಹೀರಾತು ಹಚ್ಚಿದೆ.

"ದನಿ ಯಾರದವ್ವಾ?"

"...ನಂದಽ ರೀ."

"ಮತ್ತ?"

"ಯಾವಾಗ ಅಂದ್ನಿರಿ ನಾ?"

"ಒಂದಽ ದಿನಾ ಎರಡು ಮೂರು ಮಾಡಿ ಹೋಗ್ತಿದ್ದೆಲ್ಲಾ. ಲಕ್ಷ್ಯ ಇರಲಿಕ್ಕಿಲ್ಲ."

ಇನ್ನೊಮ್ಮೆ ಹಚ್ಚಿರಿ ಎಂದಳು. ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದಳು. ಜೋಡಣೆ ಹಿಡಿದಾಳೇನೋ ಎಂದು ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ. ಆಕೆ ಹಿಡಿದದ್ದು ಬೇರೆ.

"ಅತ್ತೀ, ಹಿಂದ ನಮ್ಮ ಮಗ್ಗಾ ಕೇಳಸ್ತೈತಿ. ನಮ್ಮ ಮನ್ಯಾಗಽ ಅಂದೇನಿ ಹಂಗಾರ."

ಅತ್ತೆ ಹಣೆ ಬಡಿದುಕೊಂಡಳು. "ನಿನ್ನ ಬಾಯಿಗೆ ಬೀಗಾ ಹಾಕಬೇಕಿತ್ತವ್ವಾ ನಾ."

"ಅಂದಿರಬೇಕು ತಗೋರಿ ಕಾಕಾ. ನೀವ್ಯಾಕ ಸುಳ್ಳು ಹೇಳ್ತೀರಿ?" ಎಂದು ಸೆರಗು ಹೊದ್ದು ಎದ್ದಳು. ಹೋಗುವಾಗ ನಮಸ್ಕಾರ ಮಾಡಿ ಹೋದಳು.

ಮರುದಿನ ಓಣಿಯ ಹಿರಿಯರ ಮುಂದೆ ನಿಂತು 'ನಾನಽ ಅಂದೇನಿ, ತಪ್ಪಾತ್ರಿ' ಎಂದು ಕೈಮುಗಿದಳಂತೆ. ಅವರು ಬೈದು ಕಳಿಸಿದರಂತೆ. ನನಗೆ ಸುದ್ದಿ ತಿಳಿದಾಗ ಏನನಿಸಿತು ಗೊತ್ತೇ? ಅಂತೂ ಮುಗಿಯಿತಲ್ಲ ಎಂದು ನಿರಾಳವಾಯಿತು. ಇದನ್ನು ಒಮ್ಮೆ ಬರೆದು ಹೊಡೆದುಹಾಕಿದೆ. ಆದರೂ ಬರೆಯಬೇಕು.

ಮುಗಿದಿರಲಿಲ್ಲ. ಬಹಳ ದಿನಗಳ ಮೇಲೆ ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ಆ ಅತ್ತೆ ಸಿಕ್ಕಳು. ಸೊಸೆ ಹೇಗಿದ್ದಾಳೆ ಎಂದೆ.

"ಏನ್ ಹೇಳ್ಲೆಪಾ ಯಪ್ಪಾ. ಮಾತಾ ಕಡಿಮಿ ಮಾಡ್ಯಾಳ. ಬಾಯಿ ತೆಗದ್ರ, 'ಅತ್ತೀ, ನಿನ್ನೆ ನಾ ಹಿಂಗ ಅಂದ್ನೇನು? ಖರೇನಽ ಅಂದ್ನೇನು?' ಅಂತ ಕೇಳ್ತಾಳ. ಉಪ್ಪು ಹಾಕೇನಿ ಅಂತ ಅಂದಿದ್ದಕ್ಕೂ ಕೇಳ್ತಾಳ. ತನ್ನ ಮಾತಿನ ಮ್ಯಾಲೆ ತನಗಽ ಭರೋಸಾ ಇಲ್ಲ."

ಬಸ್ಸು ಬಂತು. ಅತ್ತೆ ಹತ್ತಿದಳು. ನಾನು ನಿಂತೇ ಇದ್ದೆ.

ಈಗ ಮೊಬೈಲಿನಲ್ಲೇ ಯಾರ ದನಿಯನ್ನಾದರೂ ಹೊಸದಾಗಿ ತಯಾರಿಸಬಹುದಂತೆ. ಪೇಪರಿನಲ್ಲಿ ಓದಿ ಎಲ್ಲರೂ ಗಾಬರಿಯಾಗಿದ್ದಾರೆ. ನಾವು ಅನ್ನದೇ ಇದ್ದುದನ್ನು ಮಂದಿ ನಂಬಿದರೆ ಏನು ಗತಿ ಎಂದು. ನಾನು ಕಂಡದ್ದು ಅದಕ್ಕಿಂತ ಕೆಟ್ಟದ್ದು. ಮಂದಿ ನಂಬುವುದು ಇರಲಿ, ಅನ್ನದವಳೇ ನಂಬಿಬಿಟ್ಟಳು. ಅದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಒಂದು ಹಳೆಯ ಕಂಪ್ಯೂಟರು ಸಾಕಾಯಿತು. ಮತ್ತು ಆಕೆ ನಂಬುವಂಥ ಒಬ್ಬ ಕಾಕಾ.

ಬಾದಾಮಿಯಿಂದ ಬಂದ ಮೇಲೆ ಇಳಕಲ್ಲಿಗೆ ಹೊರಟೆ. ಓಣಿಯ ತುದಿಯವರೆಗೆ ಹೋದೆ. ಬೈಯುತ್ತಾಳೆ ಎಂಬ ಅಂಜಿಕೆ ಇರಲಿಲ್ಲ. 'ಇರ್ಲಿ ತಗೋರಿ ಕಾಕಾ' ಎಂದುಬಿಟ್ಟರೆ? ಅದನ್ನು ತಡೆಯುವ ಶಕ್ತಿ ನನಗಿರಲಿಲ್ಲ. ವಾಪಸ್ ಬಂದೆ. ಈ ವಯಸ್ಸಿನಲ್ಲೂ ಪುಕ್ಕಲುತನ ಬಿಡದು.

ಈ ಪತ್ರಿಕೆ ಆ ಓಣಿಗೂ ಬರುತ್ತದೆ. ಚಹಾದಂಗಡಿಯಲ್ಲಿ ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಓಣಿಯವರೇ, ದಯವಿಟ್ಟು ಇದನ್ನು ಆಕೆಯ ಮನೆಯ ಮುಂದೆ ನಿಂತು ಜೋರಾಗಿ ಓದಿ. ನಿಮ್ಮ ಮುಂದೆ ಆಕೆ ಒಪ್ಪಿಕೊಂಡ ತಪ್ಪು ಆಕೆಯದಲ್ಲ. ಆ ಮಾತು ಆಕೆಯ ಬಾಯಿಂದ ಬಂದದ್ದೇ ಅಲ್ಲ. ನಾನು ಕತ್ತರಿಸಿದೆ, ನಾನು ಜೋಡಿಸಿದೆ, ಕೇಳಲು ಬಂದವಳಿಗೆ ನೀನೇ ಅಂದದ್ದು ಎಂದೆ.

ಇಷ್ಟೆಲ್ಲ ಬರೆದು 'ಒಬ್ಬ ಹೆಣ್ಣುಮಗಳು' ಎಂದು ಬಿಟ್ಟರೆ ಓಣಿಯಲ್ಲಿ ಯಾರ ಹೆಸರೂ ತೊಳೆಯುವುದಿಲ್ಲ. ಉಳಿಯುವುದು ನನ್ನ ಮಾನವೊಂದೇ.

ನಾನು ಇಂದಿನವರೆಗೂ ತಪ್ಪಾಯಿತು ಎನ್ನದೆ ಉಳಿದದ್ದು ನೀಲವ್ವನಿಗೆ.